ನಕಲು ಮುಗಿದ ಮೇಲಿನ ಕಲಿಕೆ

"ಹಾಡುತ್ತ ಹಾಡುತ್ತ ರಾಗ" ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅದು ನೆನಪಿದ್ದೀತು. ಆದರೆ ಇನ್ನೊಬ್ಬರು ಹಾಡಿದ್ದನ್ನೇ ಹಾಡುತ್ತ ಕುಳಿತರೆ ರಾಗ ಒಂದು ಹಂತದವರೆಗೆ ಮಾತ್ರ ಒಲಿಯುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ನಿವೃತ್ತಿಯ ನಂತರ, ಗಣಕಯಂತ್ರದ ಮುಂದೆ.

ಮೊಮ್ಮಗನ ಒತ್ತಾಯಕ್ಕೆ 'ಬ್ಲೆಂಡರ್' ಎಂಬ ತಂತ್ರಾಂಶವನ್ನು ಕಲಿಯತೊಡಗಿದೆ. ಉದ್ದ, ಅಗಲ, ಎತ್ತರಗಳುಳ್ಳ ಆಕೃತಿಗಳನ್ನು ಪರದೆಯ ಮೇಲೆ ಕಟ್ಟುವ ಸಾಧನವಿದು. ನೆದರ್ಲೆಂಡ್ಸ್‌ನ ಟಾನ್ ರೋಸೆಂಡಾಲ್ ಅವರು 1994ರಲ್ಲಿ ಇದರ ರಚನೆಗೆ ತೊಡಗಿದರು. ಇದನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿದಾಗ ಬಳಕೆದಾರರೇ ಏಳು ವಾರಗಳಲ್ಲಿ 1 ಲಕ್ಷ ಯೂರೋ ಕೂಡಿಸಿದರು. ಅದೇ ವರ್ಷ ಅಕ್ಟೋಬರ್ 13ರಂದು ಇದು ಎಲ್ಲರ ಸ್ವತ್ತಾಯಿತು. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ 'ಫ್ಲೋ' ಚಿತ್ರ ಸಿದ್ಧವಾದದ್ದೂ ಇದರಲ್ಲಿಯೇ. ಅಂಥ ಸಾಧನ ಒಂದು ರೂಪಾಯಿಯ ಖರ್ಚಿಲ್ಲದೆ ಒಬ್ಬ ಪಿಂಚಣಿದಾರನ ಮೇಜಿಗೆ ಬಂದಿದೆ.

ಮೊದಲ ಮೂರು ತಿಂಗಳು ವಿಡಿಯೊ ಪಾಠಗಳನ್ನು ನೋಡಿ ಡೋನಟ್, ಬಟ್ಟಲು, ಕುರ್ಚಿಗಳನ್ನು ಮಾಡಿದೆ. ಎಲ್ಲವೂ ಪಾಠದಲ್ಲಿದ್ದಂತೆಯೇ ಬಂದವು. ಬೀಗಿದೆ. ಆಮೇಲೆ ವಿಡಿಯೊ ಮುಚ್ಚಿ ಒಂದು ಮಣೆ ಮಾಡಲು ಕುಳಿತರೆ ಕೈ ಓಡಲಿಲ್ಲ!

ಆಗ ನನ್ನದೇ ಒಂದು ಕೆಲಸ ಹಿಡಿದೆ. 1998ರಲ್ಲಿ ಕೆಡವಿದ ನಮ್ಮ ಹಿರಿಯರ ತೊಟ್ಟಿಮನೆಯನ್ನು ಪರದೆಯ ಮೇಲೆ ಕಟ್ಟುವುದೆಂದು ನಿಶ್ಚಯಿಸಿದೆ. ಅದರ ಒಳಭಾಗದ ಒಂದು ಛಾಯಾಚಿತ್ರವೂ ನಮ್ಮಲ್ಲಿಲ್ಲ.

ನಿಜವಾದ ಕಲಿಕೆ ಅಲ್ಲಿಂದ ಆರಂಭವಾಯಿತು. ಒಂದು ಘನಾಕೃತಿಯನ್ನು ಎಳೆದು ಉದ್ದನೆಯ ತೊಲೆ ಮಾಡಿದೆ. ಅಂಚನ್ನು ನಯಗೊಳಿಸಲು ಹೋದರೆ ಒಂದೆಡೆ ಅಗಲ, ಇನ್ನೊಂದೆಡೆ ಕಿರಿದು. ಎಳೆದ ಪ್ರಮಾಣವನ್ನು 'ಅಪ್ಲೈ' ಮಾಡದಿದ್ದರೆ ತಂತ್ರಾಂಶ ಹಳೆಯ ಘನದ ಲೆಕ್ಕದಲ್ಲಿಯೇ ಅಂಚು ಕೊರೆಯುತ್ತದೆ ಎಂದು ತಿಳಿಯಲು ಎರಡು ದಿನ ಬೇಕಾಯಿತು. ತೊಟ್ಟಿಯ ಸುತ್ತಲಿನ ನಾಲ್ಕು ಹಲಸಿನ ಕಂಬಗಳಿಗೆ, ಚನ್ನಪಟ್ಟಣದ ಗೊಂಬೆ ಕಡೆಯುವಂತೆ, ಅರ್ಧ ಹೊರರೇಖೆಯನ್ನು ಬರೆದು ಅಕ್ಷದ ಸುತ್ತ 360 ಡಿಗ್ರಿ ತಿರುಗಿಸಿದೆ. ಒಂದು ಕಂಬ ಮಾಡಿ ಮೂರು ಪ್ರತಿ ತೆಗೆದೆ.

ಅಕ್ಕನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಕಂಬ ಇಷ್ಟು ದಪ್ಪ ಇರಲಿಲ್ಲ ಕಣೋ. ಕಣ್ಣಾಮುಚ್ಚಾಲೆ ಆಡುವಾಗ ಅಪ್ಪಿಕೊಂಡು ನಿಲ್ಲುತ್ತಿದ್ದೆ, ಬೆರಳಿಗೆ ಬೆರಳು ತಾಗುತ್ತಿತ್ತು" ಎಂದಳು. ಆಗ ಅವಳಿಗೆ ಎಂಟು ವರ್ಷ. ಅವಳ ಮೊಮ್ಮಗಳಿಗೂ ಈಗ ಎಂಟು. ಮಗುವಿನ ತೋಳುಗಳ ಬಳಸಿನೊಳಗೆ ಹಗ್ಗವಿಟ್ಟು ಅಳೆದೆವು: 44 ಅಂಗುಲ. ಪರಿಧಿ 44 ಆದರೆ ವ್ಯಾಸ 14. ನಾನು ಮಾಡಿದ್ದು 18!

ಪ್ರತಿಗಳು ಬೇರೆಬೇರೆಯಾಗಿದ್ದುದರಿಂದ ನಾಲ್ಕು ಕಂಬಗಳನ್ನೂ ಒಂದೊಂದಾಗಿ ತಿದ್ದಬೇಕಾಯಿತು. ಬೋದಿಗೆಗಳನ್ನು ಮಾಡುವಾಗ ಎಚ್ಚೆತ್ತು 'ಲಿಂಕ್' ಆದ ಪ್ರತಿಗಳನ್ನು ತೆಗೆದೆ. ಒಂದರ ಆಕಾರ ತಿದ್ದಿದರೆ ನಾಲ್ಕೂ ತಿದ್ದಿಕೊಳ್ಳುತ್ತವೆ. ಮುಂದೆ ತಪ್ಪು ಹೊರಬೀಳಬಹುದೆಂದು ಮೊದಲೇ ಬಗೆದು, ತಿದ್ದಲು ಅನುವಾಗುವಂತೆ ಕಟ್ಟುವುದೇ ಮಧ್ಯಮ ಹಂತದ ವಿದ್ಯೆ ಎಂದು ನನ್ನ ಅಭಿಪ್ರಾಯ. ನಕಲಿನಲ್ಲಿ ಈ ವಿದ್ಯೆ ಬರಲಾರದು. ಏಕೆಂದರೆ ಅಲ್ಲಿ ತಪ್ಪುಗಳನ್ನು ಬೇರೆ ಯಾರೋ ಮುಂಚೆಯೇ ಮಾಡಿ ಮುಗಿಸಿರುತ್ತಾರೆ.

ಇದನ್ನು ಬರೆಯುವಾಗ ನನ್ನ ತರಗತಿ ನೆನಪಾಗುತ್ತಿದೆ. ಪೈಥಾಗೊರಸ್ ಪ್ರಮೇಯವನ್ನು ಅಕ್ಷರ ತಪ್ಪದೆ ಬರೆದವರಿಗೆ ಪೂರ್ಣ ಅಂಕ ಕೊಟ್ಟೆ. ಆಕೃತಿಯನ್ನು ಬೇರೆ ರೀತಿ ಬರೆದು ತನ್ನದೇ ದಾರಿಯಲ್ಲಿ ಸಾಧಿಸ ಹೊರಟ ಹುಡುಗನೊಬ್ಬನಿಗೆ "ಪುಸ್ತಕದಲ್ಲಿದ್ದಂತೆ ಬರಿ" ಎಂದು ಗದರಿದೆ. ಅವನ ದಾರಿ ಸರಿಯೋ ತಪ್ಪೋ ಎಂದು ನೋಡುವಷ್ಟು ತಾಳ್ಮೆಯೂ ನನಗಿರಲಿಲ್ಲ. ಅವನು ಇದನ್ನು ಓದಿದರೆ ಈ ಮುದುಕನನ್ನು ಕ್ಷಮಿಸಲಿ.

ನಕಲು ಬೇಡವೆಂದು ನಾನು ಹೇಳುತ್ತಿಲ್ಲ. ಅಕ್ಷರಾಭ್ಯಾಸ ತಿದ್ದುವುದರಿಂದಲೇ ಮೊದಲಾಗುತ್ತದೆ. ಆದರೆ ತಿದ್ದುವುದನ್ನು ಬಿಡಿಸುವ ದಿನವನ್ನೂ ಗುರುವೇ ಗುರುತಿಸಬೇಕು. ನಿಮ್ಮ ಮಕ್ಕಳು ಇಂಥದ್ದನ್ನು ಕಲಿಯುತ್ತಿದ್ದರೆ ನಾಲ್ಕಾರು ಪಾಠಗಳ ನಂತರ ಮನೆಯ ಒಂದು ವಸ್ತುವನ್ನು ಮುಂದಿಟ್ಟು "ಇದನ್ನು ಮಾಡು" ಎನ್ನಿ. ಮಾಡಿದ್ದನ್ನು ಆ ವಸ್ತುವನ್ನು ಬಲ್ಲ ಹಿರಿಯರಿಗೆ ತೋರಿಸಲಿ.

ಕಂಬ ತಿದ್ದಿ ಮತ್ತೆ ತೋರಿಸಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ ರುಬ್ಬುತ್ತಿದ್ದ ಒರಳುಕಲ್ಲು ಎಲ್ಲಿ?" ಈ ವಾರ ಅದನ್ನು ಮಾಡುತ್ತಿದ್ದೇನೆ.