ಪೇಸ್ಟಿಗೆ ದುಡ್ಡು ಬೇಡ, ಹುಡುಕಿದ್ದಕ್ಕೆ ಕೂಲಿ ಕೊಡಿ

ಕಾರಿನೊಳಗೆ ಮಳೆನೀರು ಬಂದರೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಸಾಮಾನ್ಯವಾಗಿ ಸಿಗುವ ಔಷಧಿ ಒಂದೇ: ಸಿಲಿಕಾನ್ ಪೇಸ್ಟ್. ಒದ್ದೆ ಕಂಡ ಕಡೆ ಟ್ಯೂಬ್ ಒತ್ತು, ಬೆರಳಿನಿಂದ ಸವರು, ಗಾಡಿ ಕಳಿಸು. "ಏನಾಗಂಗಿಲ್ರಿ ಅಣ್ಣಾರ, ಇನ್ನ ಒಂದ್ ಹನಿ ಬರಂಗಿಲ್ಲ" ಎಂಬ ಭರವಸೆ ಪುಕ್ಕಟೆ. ಮುಂದಿನ ಮಳೆಗೆ ಮತ್ತೆ ಅದೇ ನೀರು, ಅದೇ ಮುಗ್ಗಲು ವಾಸನೆ, ಮತ್ತೊಂದು ಟ್ಯೂಬ್.

ಈ ಬರಹ ಆ ಪೇಸ್ಟಿನ ವಿರುದ್ಧ. ಮೇಸ್ತ್ರಿಗಳ ವಿರುದ್ಧ ಅಲ್ಲ. ಅವರನ್ನು ಪೇಸ್ಟಿನ ಕಡೆ ದೂಡಿದವರು ಯಾರು ಎಂಬುದನ್ನೂ ಮುಂದೆ ಹೇಳುತ್ತೇವೆ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು, ಬಾಡಿಗೆ ಗಾಡಿ ಓಡಿಸಿ ಮನೆ ನಡೆಸುವವರು ದಯವಿಟ್ಟು ಕೊನೆತನಕ ಓದಿ.

"ನಮ್ಮ ಕಡೆ ಮಳೆನೇ ಇಲ್ಲಲ್ಲ?"

ಮೊದಲು ಬರುವ ತಕರಾರು ಇದು. ನಮ್ಮ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಲೆನಾಡಿನವರು ಇದನ್ನು ಮಳೆ ಅನ್ನುವುದೇ ಇಲ್ಲ. ಹಾಗಾದರೆ ಕಾರು ಸೋರುವುದು ಅವರ ಚಿಂತೆ, ನಮಗೇನು?

ಈ ಲೆಕ್ಕ ತಪ್ಪು. ಕಾರು ಸೋರಲು ಬಹಳ ಸಲ ಕಾರಣ ಮಳೆ ಹೆಚ್ಚಾಗಿದ್ದಲ್ಲ, ನೀರು ಹೊರಹೋಗುವ ದಾರಿ ಕಟ್ಟಿದ್ದು. ದಾರಿ ಕಟ್ಟುವುದು ಒಣ ದಿನಗಳಲ್ಲಿ. ಬೇವಿನ ಗಿಡದ ನೆರಳಿಗೆ ನಿಲ್ಲಿಸಿದ ಗಾಡಿಯಲ್ಲಿ ಎಲೆ, ಹೂವು, ಕಡ್ಡಿ ಸೇರುತ್ತವೆ. ಯಲಬುರ್ಗಾ ಕಡೆಯ ಎರಿ ಮಣ್ಣು ಬಾಗಿಲ ಸಂದಿಯಲ್ಲಿ ಒಣಗಿ ಸಿಮೆಂಟಿನಂತಾಗುತ್ತದೆ. ಗಿಣಿಗೇರಾ ಸುತ್ತ ಕಾರ್ಖಾನೆಗಳ ಕರಿ ಧೂಳು ಕೂರುತ್ತದೆ. ಗಂಗಾವತಿ ಭಾಗದಲ್ಲಿ ಭತ್ತದ ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿದರೆ ಇಲಿ ಬಾನೆಟ್ ಕೆಳಗೆ ಗೂಡು ಕಟ್ಟುತ್ತದೆ. ಇದರ ಮೇಲೆ ತಿಂಗಳುಗಟ್ಟಲೆ ಬಿಸಿಲು, ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಆಮೇಲೆ ರೋಹಿಣಿಯೋ ಮಿರಗವೋ ಒಂದೇ ತಾಸು ಹೊಡೆದರೂ ಸಾಕು, ನೀರಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಒಳಗೆ ಬರುತ್ತದೆ. ಕಡಿಮೆ ಮಳೆಯ ಊರಿನವರಾದ್ದರಿಂದಲೇ ಇದು ನಮ್ಮ ಸಮಸ್ಯೆ.

ಹನಿ ಬೀಳುವುದು ಒಂದು ಕಡೆ, ತೂತು ಇನ್ನೊಂದು ಕಡೆ

ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನಿ ಅಡುಗೆಮನೆಯಲ್ಲಿ ಬೀಳುತ್ತದೆ, ಮೇಲೆ ಹತ್ತಿ ನೋಡಿದರೆ ಬಿರುಕು ಪಡಸಾಲೆಯ ಮೇಲಿರುತ್ತದೆ. ನೀರು ತೊಲೆ ಹಿಡಿದು ಹರಿದು ಬಂದಿರುತ್ತದೆ. ಹನಿ ಬಿದ್ದ ಜಾಗಕ್ಕೆ ಕೆಳಗಿನಿಂದ ಸುಣ್ಣ ಬಳಿದರೆ ಸೋರುವುದು ನಿಲ್ಲುತ್ತದೆಯೇ? ಯಾವ ಅಜ್ಜಿಯೂ ಆ ಕೆಲಸ ಮಾಡುವುದಿಲ್ಲ.

ಕಾರಿನಲ್ಲಿ ಮಾತ್ರ ನಡೆಯುತ್ತಿರುವುದು ಅದೇ. ತಗಡಿನ ಮಡಿಕೆ, ವೈರಿನ ಕಟ್ಟು, ಕಾರ್ಪೆಟ್ ಕೆಳಗಿನ ಸ್ಪಂಜು ಹಿಡಿದು ನೀರು ಬಹಳ ದೂರ ಹೋಗುತ್ತದೆ. ಮುಂದಿನ ಗಾಜಿನ ಕೆಳಗೆ ಹೊಕ್ಕ ನೀರು ಹಿಂದಿನ ಸೀಟಿನ ಕಾಲಡಿ ಕಾಣಬಹುದು. ಡಿಕ್ಕಿಯಲ್ಲಿ ನಿಂತ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ಬರಬಹುದು.

ನೀರು ಬರುವ ಮಾಮೂಲಿ ದಾರಿಗಳು

ಒಂದು, ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲಿ. ಗಾಜಿನ ಮೇಲೆ ಬಿದ್ದ ನೀರೆಲ್ಲ ಇಲ್ಲಿ ಇಳಿದು ಎರಡೂ ಬದಿಯ ತೂತಿನಿಂದ ಕೆಳಗೆ ಹೋಗಬೇಕು. ಎಲೆ ಕಟ್ಟಿದರೆ ನೀರು ಮೇಲೇರಿ, ಎಸಿಗೆ ಗಾಳಿ ಎಳೆಯುವ ಕಿಂಡಿಯಿಂದ ಒಳಗೆ ಬೀಳುತ್ತದೆ. ಖರ್ಚು: ಕೈಯಿಂದ ಎಲೆ ತೆಗೆದು ಒಂದು ಚೊಂಬು ನೀರು ಹಾಕುವುದು.

ಎರಡು, ಎಸಿ ನೀರಿನ ಪೈಪು. ಮಳೆ ಇಲ್ಲದ ದಿನವೂ ಎಡಗಡೆ ಮುಂದಿನ ಸೀಟಿನ ಕಾಲಡಿ ಒದ್ದೆ ಆಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಎಸಿ ಹಾಕಿದಾಗ ಗಾಡಿ ಕೆಳಗೆ ನೀರು ತೊಟ್ಟಿಕ್ಕಬೇಕು. ಸೆಖೆಯ ದಿನವೂ ತೊಟ್ಟಿಕ್ಕದಿದ್ದರೆ ಪೈಪು ಕಟ್ಟಿದೆ ಎಂದು ಲೆಕ್ಕ. ಆ ನೀರು ಬಣ್ಣವಿರುತ್ತದೆ, ಅಂಟಾಗಿರುತ್ತದೆ, ಸಿಹಿ ವಾಸನೆ ಬರುತ್ತದೆ ಅಂದರೆ ಅದು ನೀರಲ್ಲ, ಹೀಟರಿನಿಂದ ಸೋರಿದ ಕೂಲಂಟ್. ಅದನ್ನು ತಡಮಾಡದೆ ತೋರಿಸಿ, ಕೂಲಂಟ್ ಖಾಲಿಯಾದರೆ ಎಂಜಿನ್ನಿಗೇ ಕುತ್ತು.

ಮೂರು, ಬಾಗಿಲು. ಇದರ ವಿಚಾರ ಮುಂದೆ.

ನಾಲ್ಕು, ಡಿಕ್ಕಿ. ಹಿಂದಿನ ಲೈಟಿನ ವಾಷರ್ ಒಣಗಿದರೆ, ಡಿಕ್ಕಿ ರಬ್ಬರ್ ಜರುಗಿದರೆ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಸ್ಟೆಪ್ನಿ ಎತ್ತಿ ನೋಡಿ ಎಷ್ಟು ದಿನವಾಯಿತು?

ಐದು, ನಂತರ ಮಾಡಿಸಿದ ಕೆಲಸಗಳು. ಕ್ಯಾರಿಯರ್ ಕೂರಿಸಲು ಮಾಡುನಲ್ಲಿ ಕೊರೆದ ತೂತು, ಅವಸರದಲ್ಲಿ ಅಂಟಿಸಿದ ಹೊಸ ಗಾಜು, ಟಿಂಕರಿಂಗ್ ಮಾಡುವಾಗ ತೆಗೆದು ಮರಳಿ ಹಾಕದ ನೆಲದ ರಬ್ಬರ್ ಬಿರಡೆ. ಬಿರಡೆ ಇಲ್ಲದ ಗಾಡಿಯನ್ನು ಹಳ್ಳದ ನೀರಿನಲ್ಲಿ ಇಳಿಸಿದರೆ ನೀರು ಕೆಳಗಿನಿಂದ ಬರುತ್ತದೆ. ಮೇಲೆ ಎಷ್ಟು ಪೇಸ್ಟ್ ಬಡಿದರೂ ಅದು ನಿಲ್ಲದು.

ಬಾಗಿಲಿಗೆ ಪೇಸ್ಟ್ ಬಡಿಯುವುದು ಅನ್ಯಾಯ

ಕಾರಿನ ಬಾಗಿಲೊಳಗೆ ನೀರು ಹೋಗಲೇಬಾರದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗಾಜು ಇಳಿಯುವ ಸಂದಿಯಿಂದ ಅಷ್ಟಿಷ್ಟು ನೀರು ಬಾಗಿಲ ಹೊಟ್ಟೆಗೆ ಇಳಿದೇ ಇಳಿಯುತ್ತದೆ. ಕಂಪನಿಯವರಿಗೂ ಗೊತ್ತು. ಅದಕ್ಕೇ ಬಾಗಿಲ ತಳದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ, ಒಳಗಿನ ಪ್ಯಾಡಿನ ಹಿಂದೆ ಅಂಟಿನಿಂದ ಒಂದು ಪ್ಲಾಸ್ಟಿಕ್ ಹಾಳೆ ಕೂರಿಸಿರುತ್ತಾರೆ. ಹಾಳೆ ನೀರನ್ನು ಒಳಗೆ ಬಿಡುವುದಿಲ್ಲ, ತೂತು ಅದನ್ನು ಕೆಳಗೆ ಬಿಡುತ್ತದೆ.

ಈಗ ನೋಡಿ. ಸ್ಪೀಕರ್ ಹಾಕಿಸಲು, ಪವರ್ ವಿಂಡೋ ರಿಪೇರಿ ಮಾಡಿಸಲು ಪ್ಯಾಡ್ ಬಿಚ್ಚಿಸುತ್ತೀರಿ. ಹಾಳೆ ಹರಿಯುತ್ತದೆ, ಯಾರೂ ಮತ್ತೆ ಅಂಟಿಸುವುದಿಲ್ಲ. ಮಳೆ ಬಂದಾಗ ಕಾಲಡಿ ನೀರು. ಬಾಗಿಲ ತಳದ ತೂತಿನಿಂದ ನೀರು ಸುರಿಯುವುದು ಕಣ್ಣಿಗೆ ಬೀಳುತ್ತದೆ. "ಓ, ಇಲ್ಲೇ ಸೋರಾಕತ್ತೈತಿ" ಎಂದು ಆ ತೂತಿಗೇ ಪೇಸ್ಟ್!

ಹೊರಹೋಗುವ ಒಂದೇ ದಾರಿ ಮುಚ್ಚಿದ ಮೇಲೆ ಬಾಗಿಲು ಕೊಡದಂತೆ ತುಂಬುತ್ತದೆ. ನಿಲ್ಲಿಸಿ ಹೊರಟಾಗ ಒಳಗೆ ಗುಳುಗುಳು ಸದ್ದು. ಮೋಟಾರು ಕೆಡುತ್ತದೆ, ತಳ ಒಳಗಿನಿಂದಲೇ ಜಂಗು ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿದಾಗಲೇ ನಿಮಗೆ ತಿಳಿಯುವುದು. ಒಂದು ಹಾಳೆ ಅಂಟಿಸುವ ಕೆಲಸ ಬಾಗಿಲು ಬದಲಿಸುವ ಕೆಲಸವಾಯಿತು.

ಇನ್ನೊಂದು ಮಾತು. ವಿನೆಗರಿನಂಥ ಹುಳಿ ವಾಸನೆ ಬರುವ ಸಿಲಿಕಾನ್ ಒಣಗುವಾಗ ಆಮ್ಲ ಬಿಡುತ್ತದೆ. ಬಣ್ಣ ಹೋದ ತಗಡಿನ ಮೇಲೆ ಅದು ಜಂಗಿಗೆ ಬೀಜ ಬಿತ್ತಿದಂತೆ. ಸಿಲಿಕಾನ್ ಬಿದ್ದ ಜಾಗದಲ್ಲಿ ಮುಂದೆ ಬಣ್ಣವೂ ಸರಿಯಾಗಿ ಹಿಡಿಯದು, ಒಳ್ಳೆಯ ಅಂಟೂ ಕೂರದು. ಅಂದರೆ ಇವತ್ತಿನ ಪೇಸ್ಟ್ ನಾಳೆಯ ಸರಿಯಾದ ರಿಪೇರಿಯನ್ನೂ ಕೆಡಿಸುತ್ತದೆ.

ಹುಡುಕುವುದು ಹೀಗೆ

ಇದಕ್ಕೆ ದೊಡ್ಡ ಯಂತ್ರ ಬೇಡ. ಇಬ್ಬರು ಮನುಷ್ಯರು, ಒಂದು ನೀರಿನ ಪೈಪು, ಮೊಬೈಲ್ ಬ್ಯಾಟರಿ ಬೆಳಕು, ಒಂದು ಹಿಡಿ ರಂಗೋಲಿ ಪುಡಿ ಸಾಕು.

ಮ್ಯಾಟ್ ತೆಗೆಯಿರಿ, ಕಾರ್ಪೆಟ್ ಎತ್ತಿ, ಒಳಗೆಲ್ಲ ಒಣಗಿಸಿ. ಅನುಮಾನದ ಜಾಗದ ಕೆಳಗೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ. ಒಬ್ಬರು ಒಳಗೆ ಕೂತು ಬಾಗಿಲು ಹಾಕಿಕೊಳ್ಳಲಿ. ಇನ್ನೊಬ್ಬರು ಹೊರಗಿನಿಂದ ಮೆಲ್ಲಗೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಯಾವ ತೂತಿನದೆಂದು ತಿಳಿಯದು. ಒಂದೊಂದು ಜಾಗಕ್ಕೂ 5ರಿಂದ 10 ನಿಮಿಷ ಕೊಡಿ. ವಾಟರ್ ಸರ್ವಿಸಿನ ಜೋರು ನೀರು ಬೇಡ, ಅದು ಸರಿಯಿರುವ ರಬ್ಬರನ್ನೂ ದಾಟಿಸಿ ಸುಳ್ಳು ಸಾಕ್ಷಿ ಹೇಳುತ್ತದೆ. ಪುಡಿಯ ಮೇಲೆ ನೀರಿನ ಗೆರೆ ಮೂಡಿದ ಕೂಡಲೇ ನಿಲ್ಲಿಸಿ, ಆ ಗೆರೆ ಹಿಡಿದು ಮೇಲಕ್ಕೆ ಹೋಗಿ.

ಬಾಗಿಲ ರಬ್ಬರ್ ನೋಡಲು ಇನ್ನೂ ಸುಲಭ. ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿ ಇದ್ದರೆ ಸರಿ, ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಸಡಿಲ.

ಕಟ್ಟಿದ ತೂತು, ಪೈಪನ್ನು ಮೆತ್ತನೆ ನೈಲಾನ್ ತಂತಿಯಿಂದ ಬಿಡಿಸಿ. ಪಂಕ್ಚರ್ ಅಂಗಡಿಯ ಗಾಳಿ ಜೋರಾಗಿ ಬಿಟ್ಟರೆ ಒಳಗಿನ ಪೈಪು ಕೀಲು ಬಿಟ್ಟು ಹೊಸ ಸೋರಿಕೆ ಶುರುವಾದೀತು. ಕೊನೆಗೆ ಕಾರ್ಪೆಟ್ ಕೆಳಗಿನ ಸ್ಪಂಜು ಪೂರ್ತಿ ಒಣಗುವವರೆಗೆ ಬಿಸಿಲಿಗೆ ಹಾಕಿ. ಬಿಸಿಲಿಗಂತೂ ನಮ್ಮಲ್ಲಿ ಬರ ಇಲ್ಲ.

ಬರೀ ವಾಸನೆಯ ಮಾತಲ್ಲ

"ಸ್ವಲ್ಪ ಒದ್ದೆ ಆದ್ರ ಏನಾತು, ಊದಿನಕಡ್ಡಿ ಹಚ್ಚಿದ್ರಾತು" ಅನ್ನುವವರಿದ್ದಾರೆ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಸ್ಪಂಜು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಅದರಡಿಯಲ್ಲೇ ವೈರುಗಳು ಹಾದಿವೆ. ಬಹಳಷ್ಟು ಕಾರುಗಳಲ್ಲಿ ಏರ್‌ಬ್ಯಾಗಿಗೆ ಅಪ್ಪಣೆ ಕೊಡುವ ಪೆಟ್ಟಿಗೆ ಗೇರ್ ಹತ್ತಿರ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ನೀರು ಸೇರಿದರೆ ಅಪಘಾತದ ಹೊತ್ತಿಗೆ ಅದು ಕೆಲಸ ಮಾಡೀತೆಂದು ಯಾರು ಬರೆದು ಕೊಡುತ್ತಾರೆ? ಕುಷ್ಟಗಿ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ನಿಮ್ಮ ಹೆಂಡತಿ ಮಕ್ಕಳು ಕೂತಿರುವುದು ಆ ಗಾಡಿಯಲ್ಲೇ. ದಮ್ಮು ಇರುವವರಿಗೆ ಬೂಷ್ಟಿನ ಗಾಳಿ ಬೇರೆ ಕಾಟ. ವಾಸನೆ ಬರುವ ಗಾಡಿಗೆ ಬಾಡಿಗೆ ಗಿರಾಕಿ ಎರಡನೇ ಸಲ ಫೋನ್ ಮಾಡುವುದಿಲ್ಲ.

ವಿಮೆ ಇದೆಯಲ್ಲ ಅಂದಿರಾ? ಥರ್ಡ್ ಪಾರ್ಟಿ ವಿಮೆ ನಿಮ್ಮ ಗಾಡಿಗೆ ಒಂದು ಪೈಸೆ ಕೊಡುವುದಿಲ್ಲ. ಪೂರ್ಣ ವಿಮೆಯೂ ಪ್ರವಾಹಕ್ಕೆ ಕೊಡುತ್ತದೆಯೇ ಹೊರತು ಸವೆದ ರಬ್ಬರಿಗೆ, ಕಟ್ಟಿದ ಪೈಪಿಗೆ ಕೊಡುವುದಿಲ್ಲ.

ಬೋರ್ ಪಾಯಿಂಟಿಗೆ ದುಡ್ಡು ಉಂಟು, ಇದಕ್ಕೆ ಇಲ್ಲವೇ?

ಈಗ ಆ ಮೇಸ್ತ್ರಿಯ ಮಾತಿಗೆ ಬರೋಣ. ಸೋರುವ ಜಾಗ ಹುಡುಕಲು ಅರ್ಧ ದಿನ ಬೇಕಾಗಬಹುದು. ಕೊನೆಗೆ ಸಿಗುವುದು ಒಂದು ಹಿಡಿ ಬೇವಿನ ಎಲೆ. "ಎಲಿ ತಗದದ್ದಕ್ಕ ಇಷ್ಟ್ ರೊಕ್ಕನ?" ಎಂದು ಮಾಲೀಕ ಜಗಳಕ್ಕೆ ಬರುತ್ತಾನೆ. ಅದೇ ಒಂದು ಟ್ಯೂಬ್ ಪೇಸ್ಟ್ ತೋರಿಸಿದರೆ ಮಾತಿಲ್ಲದೆ ಎಣಿಸುತ್ತಾನೆ. ಸಾಮಾನು ಕಂಡರೆ ಮಾತ್ರ ದುಡ್ಡು, ತಲೆ ಓಡಿಸಿದ್ದಕ್ಕೆ ಇಲ್ಲ. ಹೀಗಿರುವಾಗ ಮೇಸ್ತ್ರಿ ಹುಡುಕುವ ಕೆಲಸ ಯಾಕೆ ಕಲಿಯಬೇಕು, ಹುಡುಗರಿಗೆ ಯಾಕೆ ಕಲಿಸಬೇಕು?

ಇದೇ ಕುಷ್ಟಗಿ, ಯಲಬುರ್ಗಾದ ಹೊಲದಲ್ಲಿ ಬೋರ್ ಪಾಯಿಂಟ್ ತೋರಿಸುವವನಿಗೆ ತೆಂಗಿನಕಾಯಿ, ಊಟ, ನೋಟು ಎಲ್ಲ ಕೊಡುತ್ತಾರೆ. ನೀರು ಬೀಳದಿದ್ದರೂ ಕೊಟ್ಟಿದ್ದನ್ನು ವಾಪಸ್ ಕೇಳುವುದಿಲ್ಲ. ನೆಲದಡಿಯ ಕಾಣದ ನೀರು ಹುಡುಕುವವನಿಗೆ ಅಷ್ಟು ಮರ್ಯಾದೆ. ಕಾರಿನೊಳಗೆ ಕಣ್ಣೆದುರು ನಿಂತ ನೀರಿನ ದಾರಿ ಹುಡುಕಿ ತೋರಿಸುವವನಿಗೆ ಚೌಕಾಸಿ!

ಆದ್ದರಿಂದ ಗ್ಯಾರೇಜಿನಲ್ಲಿ ಮೊದಲೇ ಮಾತಾಡಿ: "ಅಣ್ಣಾ, ಹುಡುಕಿದ್ದಕ್ಕ ಇಷ್ಟು ಕೂಲಿ. ಎಲ್ಲಿಂದ ಬರತೈತಿ ಅಂತ ನನ್ನ ಕಣ್ಣಿಗೆ ತೋರಿಸು. ತೋರಿಸೋತನಕ ಪೇಸ್ಟ್ ಮುಟ್ಟಬ್ಯಾಡ." ಕೆಲಸ ಮುಗಿದ ಮೇಲೆ ಅಲ್ಲೇ ಮತ್ತೆ ನೀರು ಬಿಡಿಸಿ ನೋಡಿ. ಮತ್ತೆ ಮಳೆ ಬರುವ ತನಕ ಕಾಯಬೇಡಿ.

ಮುಳುಗಿದ ಗಾಡಿ ನಿಮ್ಮ ಮನೆ ಮುಂದೆ ಬಾರದಿರಲಿ

ಎಷ್ಟು ಹುಡುಕಿದರೂ ತೂತು ಸಿಗದೆ ಮುಗ್ಗಲು ವಾಸನೆ ಮಾತ್ರ ಹೋಗದಿದ್ದರೆ ಗಾಡಿಯ ಹಿಂದಿನ ಕತೆ ಕೇಳಬೇಕು. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ, ಯಮಲೂರು ಭಾಗದಲ್ಲಿ ಕಾರುಗಳು ಮುಳುಗಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತಕ್ಕೆ ಚೆನ್ನೈನಲ್ಲೂ ಅದೇ ಆಯಿತು. ವಿಮಾ ಕಂಪನಿ ಪೂರ್ತಿ ಹಾಳೆಂದು ಲೆಕ್ಕ ಮುಗಿಸಿದ ಗಾಡಿಗಳು ಹರಾಜಿಗೆ ಹೋಗುತ್ತವೆ. ತೊಳೆದು ಒರೆಸಿದ ಮೇಲೆ ಅಂಥ ಗಾಡಿ ಯಾವ ಊರಿಗೂ ಬರಬಹುದು. ಆರ್‌ಸಿಯಲ್ಲಿ "ಮುಳುಗಿತ್ತು" ಎಂಬ ಕಾಲಂ ಇಲ್ಲ.

ಕೆಎ 37 ಅಲ್ಲದ ಗಾಡಿ ಕಡಿಮೆ ರೇಟಿಗೆ ಸಿಕ್ಕರೆ ಖುಷಿಪಡುವ ಮೊದಲು ಸೀಟ್ ಬೆಲ್ಟ್ ಕೊನೆತನಕ ಎಳೆದು ನೋಡಿ, ಕೆಸರಿನ ಗೆರೆ ಇದೆಯೇ? ಸೀಟಿನ ಹಳಿ, ಬೋಲ್ಟಿಗೆ ಜಂಗು ಇದೆಯೇ? ಸ್ಟೆಪ್ನಿ ಗುಂಡಿಯಲ್ಲಿ ರೇವೆ ಮಣ್ಣು ಇದೆಯೇ? ಒಳಗೆ ಸೆಂಟಿನ ವಾಸನೆ ಅತಿಯಾಗಿದೆಯೇ? ಹಳೆಯ ವಿಮೆಯ ಕ್ಲೇಮ್ ವಿವರ ಮಾಲೀಕನಿಂದ ಕೇಳಿ. ಕೊಡಲು ಹಿಂದೆ ಸರಿದರೆ ನೀವೂ ಹಿಂದೆ ಸರಿಯಿರಿ.

ಡೀಲರ್ ಕಡೆ ಕೊಂಡರೆ, ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರೆ ಬಿಲ್ ತಗೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೆಟ್ಟ ರಿಪೇರಿಗೂ ಅನ್ವಯಿಸುತ್ತದೆ. ಸ್ವಂತ ದುಡಿಮೆಗೆ ಬಾಡಿಗೆ ಗಾಡಿ ಓಡಿಸುವವರೂ ಅದರಡಿ ಗ್ರಾಹಕರೇ. ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 2 ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಬಿಲ್ ಇಲ್ಲದಿದ್ದರೆ ಸಾಬೀತು ಮಾಡುವುದು ಕಷ್ಟ.

ರೋಹಿಣಿ ಮಳೆ ಶುರುವಾಗುವುದು ಮೇ ಕೊನೆಯ ವಾರ. ಅದಕ್ಕೂ ಮುಂಚಿನ ಒಂದು ಭಾನುವಾರ ವೈಪರ್ ಜಾಲಿ, ಬಾಗಿಲ ತಳದ ತೂತು, ಎಸಿ ಪೈಪು, ಸ್ಟೆಪ್ನಿ ಗುಂಡಿ ನಾಲ್ಕನ್ನೂ ನೀವೇ ನೋಡಿ. ಆಗದಿದ್ದರೆ ಮೇಸ್ತ್ರಿಗೆ ಹುಡುಕುವ ಕೂಲಿ ಕೊಟ್ಟು ನೋಡಿಸಿ. ಪೇಸ್ಟಿನ ಟ್ಯೂಬ್ ಅವರ ಕಪಾಟಿನಲ್ಲೇ ಒಣಗಲಿ.