ಹಳೆಯ ಆಟಗಳ ಹೊಸ ಅವತಾರ: ಕನ್ನಡ ಓದುವ ಮಗುವಿಗೆ ಏನುಂಟು?

2025ರ ಎಪ್ರಿಲ್ 22ರಂದು ‘ಒಬ್ಲಿವಿಯನ್’ ಎಂಬ ವಿಡಿಯೋ ಆಟ ಹೊಸ ರೂಪದಲ್ಲಿ ಮಾರುಕಟ್ಟೆಗೆ ಬಂತು. ಮೂಲ ಆಟ 2006ರದು. ಹಿರಿಯ ವಾಚಕರಿಗಾಗಿ ಒಂದು ಮಾತು: ಇಂಥ ಆಟದಲ್ಲಿ ಆಡುವವನು ತಾನೇ ಒಂದು ಪಾತ್ರವಾಗಿ ಕಲ್ಪಿತ ನಾಡೊಂದರಲ್ಲಿ ಇಷ್ಟ ಬಂದತ್ತ ಅಲೆಯುತ್ತಾನೆ, ಸಿಕ್ಕವರೊಡನೆ ಮಾತಾಡುತ್ತಾನೆ. ಟಿ.ವಿ.ಗೆ ಜೋಡಿಸುವ ಕನ್ಸೋಲ್ ಯಂತ್ರ ಹೊಸದಾದಾಗ ಹಳೆಯ ಆಟಕ್ಕೂ ಹೊಸ ವೇಷ ಕಟ್ಟುವುದು ಈಗಿನ ರೂಢಿ.

ಇದನ್ನು ಬರಿಯ ಮೋಸವೆಂದು ತಳ್ಳಿಹಾಕುವಂತಿಲ್ಲ. ಒಂದೇ ಯಕ್ಷಗಾನ ಪ್ರಸಂಗವನ್ನು ವರ್ಷ ವರ್ಷವೂ ನೋಡುವವರು ನಾವು! ಆದರೆ ಮೇಳದ ಕಲಾವಿದ ಪ್ರತಿ ರಾತ್ರಿ ಹೊಸದಾಗಿ ದುಡಿಯುತ್ತಾನೆ. ಒಬ್ಲಿವಿಯನ್‌ನ ಒಳಯಂತ್ರ ಬಹುಮಟ್ಟಿಗೆ ಹಳೆಯದೇ. ಕಣ್ಣಿಗೆ ಕಾಣುವ ಭಾಗವನ್ನು ಅನ್‌ರಿಯಲ್ ಎಂಜಿನ್ 5ರಲ್ಲಿ ಹೊಸತಾಗಿ ರಚಿಸಿದ್ದಾರೆ. ಬೆಲೆ ಸುಮಾರು 50 ಡಾಲರ್. ಪೋಲೆಂಡಿನವರ ‘ವಿಚರ್ 3’ (2015) ಮಾತ್ರ 2022ರ ಡಿಸೆಂಬರಿನಲ್ಲಿ ಹೊಸ ಕನ್ಸೋಲ್‌ಗಳಿಗೆ ಬಂದಾಗ, ಮೊದಲೇ ಕೊಂಡವರಿಗೆ ಉಚಿತವಾಗಿ ಸಿಕ್ಕಿತು.

ವಿಚರ್‌ನಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಆಗ ಸುಧಾರಿಸಿದ್ದು ಚಿತ್ರ ಮಾತ್ರವಲ್ಲ. ಕೊರಿಯನ್ ಮತ್ತು ಚೀನೀ ಧ್ವನಿಯೂ ಸೇರಿತು. ಮೊದಲ ಸಲ ಹೊರಗುಳಿದ ಭಾಷೆ ಒಳಬರಲು ಮರುಬಿಡುಗಡೆಯೇ ಸಮಯ. ಪೋಲೆಂಡಿನ ಜನಸಂಖ್ಯೆ 4 ಕೋಟಿಗಿಂತ ಕಡಿಮೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ. ಆ ಆಟದಲ್ಲಿ ಪೋಲಿಷ್ ಇದೆ, ಕನ್ನಡವಿಲ್ಲ. ತಲೆಯೆಣಿಕೆ ಸಾಲದು, ಕೊಳ್ಳುವವರೂ ಕಟ್ಟುವವರೂ ಬೇಕು ಎಂದಾಯಿತು.

ಕಟ್ಟುವವರಿಗೇನೂ ನಮ್ಮಲ್ಲಿ ಬರವಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್, ವಿದೇಶೀ ಆಟಗಳಿಗೆ ಚಿತ್ರ ರಚಿಸಿಕೊಟ್ಟೇ ಬೆಳೆದ ಸಂಸ್ಥೆ. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕೊಂಡುಕೊಂಡಿತು. 2013ರ ಒಂದೇ ಆಟವನ್ನು 2014ರಲ್ಲೂ 2022ರಲ್ಲೂ ಹೊಸ ಯಂತ್ರಗಳಿಗೆ ಮತ್ತೆ ಮಾರಿದ ಕಂಪೆನಿಯದು. ದುಡಿಮೆ ಬೆಂಗಳೂರಿನದಾದರೂ ಪರದೆಯ ಮೇಲಿನ ಭಾಷೆಗಳಲ್ಲಿ ಬೆಂಗಳೂರಿನದಿಲ್ಲ.

ಕಾರಿನ ಪಂದ್ಯದ ಆಟಕ್ಕೆ ಭಾಷೆ ಹೆಚ್ಚು ಬೇಡ. ಪಾತ್ರದ ಆಟ ಹಾಗಲ್ಲ; ಅದು ಪುಟಗಟ್ಟಲೆ ಓದು. 2011ರಲ್ಲಿ ಬಂದು 2016, 2021ರಲ್ಲಿ ಮರಳಿದ ‘ಸ್ಕೈರಿಮ್’ನೊಳಗೆ ಓದಲೆಂದೇ ನೂರಾರು ಪುಸ್ತಕಗಳಿವೆ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಆ ಕಡೆಯ ದೇವಣಿಯಲ್ಲಿ ಕನ್ನಡ ಮನೆಮಾತಿನ ಹುಡುಗ ಶಾಲೆಯಲ್ಲಿ ಓದುವುದು ಮರಾಠಿ. ಇಲ್ಲಿನವನ ಸುತ್ತ ಮಲಯಾಳ. ಆಟ ಇಬ್ಬರಿಗೂ ಇಂಗ್ಲಿಷಿನಲ್ಲಿ. ಮಕ್ಕಳು ಕನ್ನಡ ಓದುವುದಿಲ್ಲವೆಂದು ಗೊಣಗುವ ನಾವು, ಅವರು ಗಂಟೆಗಟ್ಟಲೆ ಓದುತ್ತಿರುವುದು ಯಾವುದನ್ನು ಎಂದು ಇಣುಕಿ ನೋಡಿದ್ದೇವೆಯೆ?

ಒತ್ತಕ್ಷರದ ತೊಡಕನ್ನು ಈಗ ನೆಪವಾಗಿ ಹೇಳುವಂತಿಲ್ಲ. 1991ರಿಂದಲೇ ಕನ್ನಡ ಯೂನಿಕೋಡ್‌ನಲ್ಲಿದೆ. ಒಬ್ಲಿವಿಯನ್‌ಗೆ ಬಳಸಿದ ಎಂಜಿನ್ ಇಂಥ ಲಿಪಿಗಳನ್ನು ಜೋಡಿಸಬಲ್ಲುದು. ಧ್ವನಿಗೆ ನಟರು ಬೇಕು, ಖರ್ಚು ಹೆಚ್ಚು. ಅಡಿಬರಹಕ್ಕೆ ಒಳ್ಳೆಯ ಅನುವಾದಕರು ಸಾಕು. ಕರ್ನಾಟಕ ಸರಕಾರ 2024ರಲ್ಲಿ ಈ ಉದ್ಯಮಕ್ಕೆಂದು 5 ವರ್ಷಗಳ ಧೋರಣೆ ಪ್ರಕಟಿಸಿದೆ. ಅದರಡಿ ನೆರವು ಪಡೆಯುವ ಕಂಪೆನಿಗಳಿಂದ ಮುಂದಿನ ಮರುಬಿಡುಗಡೆಗೆ ಕನ್ನಡ ಅಡಿಬರಹವನ್ನಾದರೂ ಕೇಳಬಹುದು. ಹಾಗೆ ಬಂದ ಅಡಿಬರಹ ಮಂಜೇಶ್ವರದಲ್ಲೂ ದೇವಣಿಯಲ್ಲೂ ಒಂದೇ ತೆರನಾಗಿ ತೆರೆದುಕೊಳ್ಳುತ್ತದೆ.