ಪಿಸಿಓಎಸ್: ಹರಕೆಗೂ ಐವಿಎಫ್‌ಗೂ ನಡುವೆ ಮರೆತ ದಾರಿ

ಚಾಮರಾಜನಗರ: ಮದುವೆಯಾಗಿ ಎರಡು ವರ್ಷ ಕಳೆದರೂ ಮಡಿಲು ತುಂಬದಿದ್ದರೆ ಈ ಜಿಲ್ಲೆಯ ಕುಟುಂಬಗಳ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು, ಮಲೆ ಮಹದೇಶ್ವರ ಬೆಟ್ಟಕ್ಕೋ ಗೋಪಾಲಸ್ವಾಮಿ ಬೆಟ್ಟಕ್ಕೋ ಹರಕೆ ಹೊರುವುದು. ಇನ್ನೊಂದು, ಸಾಲ ಮಾಡಿಯಾದರೂ ಮೈಸೂರಿನ ಖಾಸಗಿ ಬಂಜೆತನ ಚಿಕಿತ್ಸಾ ಕೇಂದ್ರದ ಮೆಟ್ಟಿಲೇರುವುದು. ಇವೆರಡರ ನಡುವೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಆರಂಭವಾಗಬಹುದಾದ ಮೂರನೆಯ ದಾರಿಯೊಂದಿದೆ. ಅದನ್ನು ತೋರಿಸುವವರು ಮಾತ್ರ ವಿರಳ.

ಮಕ್ಕಳಾಗದಿರಲು ಬಹು ಸಾಮಾನ್ಯ ಕಾರಣಗಳಲ್ಲೊಂದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಸುಮಾರು ಹತ್ತು ಮಹಿಳೆಯರಲ್ಲಿ ಒಬ್ಬರಿಗೆ ಈ ತೊಂದರೆಯಿದೆ. ಅವರಲ್ಲಿ ಶೇ 70ರವರೆಗಿನವರಿಗೆ ಅದು ತಮಗಿರುವುದೇ ತಿಳಿದಿರುವುದಿಲ್ಲ.

ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. ಸ್ಕ್ಯಾನಿಂಗ್ ವರದಿ ನೋಡಿ ‘ಗರ್ಭಕೋಶದಲ್ಲಿ ನೀರುಗುಳ್ಳೆ’ ಎಂದು ಹೆದರುವವರೇ ಹೆಚ್ಚು. ಅಲ್ಲಿ ಕಾಣುವುದು ಗಡ್ಡೆಯಲ್ಲ, ಗರ್ಭಕೋಶದಲ್ಲಿರುವುದೂ ಅಲ್ಲ. ಅಂಡಾಶಯದಲ್ಲಿ ಬೆಳವಣಿಗೆ ಅರ್ಧಕ್ಕೆ ನಿಂತ ಅಂಡಕೋಶಗಳು. ಪುರುಷ ಹಾರ್ಮೋನಿನ ಪ್ರಮಾಣ ಹೆಚ್ಚುವುದು, ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು ಇದರ ಹಿಂದಿನ ಏರುಪೇರುಗಳು. ಪರಿಣಾಮವಾಗಿ ಅಂಡ ಬಿಡುಗಡೆ ತಪ್ಪುತ್ತದೆ, ಮುಟ್ಟು ಏರುಪೇರಾಗುತ್ತದೆ, ಮುಖದಲ್ಲಿ ಕೂದಲು, ಮೊಡವೆ ಕಾಣಿಸಿಕೊಳ್ಳುತ್ತವೆ.

2023ರಲ್ಲಿ ಪರಿಷ್ಕೃತಗೊಂಡ ಅಂತರರಾಷ್ಟ್ರೀಯ ಮಾರ್ಗಸೂಚಿಯ ಒಂದು ಅಂಶ ಗ್ರಾಮೀಣ ಜಿಲ್ಲೆಗಳ ಮಟ್ಟಿಗೆ ಗಮನಾರ್ಹ. ಮುಟ್ಟಿನ ಏರುಪೇರು ಮತ್ತು ಪುರುಷ ಹಾರ್ಮೋನ್ ಹೆಚ್ಚಳದ ಲಕ್ಷಣ ಎರಡೂ ಇದ್ದರೆ, ಥೈರಾಯ್ಡ್ ಮೊದಲಾದ ಬೇರೆ ಕಾರಣಗಳನ್ನು ರಕ್ತಪರೀಕ್ಷೆಯಿಂದ ತಳ್ಳಿಹಾಕಿದ ನಂತರ, ರೋಗನಿರ್ಣಯಕ್ಕೆ ಸ್ಕ್ಯಾನಿಂಗ್ ಬೇಕಿಲ್ಲ. ವೈದ್ಯರು ಕೂತು ವಿವರವಾಗಿ ವಿಚಾರಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲೇ ಈ ಕೆಲಸ ನಡೆಯಬಲ್ಲದು.

ಚಿಕಿತ್ಸೆಯೂ ಐವಿಎಫ್‌ನಿಂದ ಆರಂಭವಾಗುವುದಿಲ್ಲ. ತೂಕ ಹೆಚ್ಚಿದ್ದವರು ಸ್ವಲ್ಪ ಇಳಿಸಿಕೊಂಡರೂ ಕೆಲವರಲ್ಲಿ ಮುಟ್ಟು ಹಾದಿಗೆ ಬರುತ್ತದೆ. ಅನಂತರದ್ದು ಲೆಟ್ರೊಜೋಲ್ ಮಾತ್ರೆ. ಮುಟ್ಟಿನ ಆರಂಭದ ದಿನಗಳಲ್ಲಿ ಐದು ದಿನ ನುಂಗುವಂಥದ್ದು, ದುಬಾರಿಯೂ ಅಲ್ಲ. ಅಮೆರಿಕದಲ್ಲಿ 750 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಟ್ರೊಜೋಲ್ ಪಡೆದವರ ಪೈಕಿ ಶೇ 27.5ರಷ್ಟು ಮಂದಿಗೆ ಮಗುವಾಯಿತು. ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ ಈ ಪ್ರಮಾಣ ಶೇ 19.1. ವಿಚಿತ್ರವೆಂದರೆ ಆ ವೇಳೆಗೆ ಭಾರತದಲ್ಲಿ ಬಂಜೆತನ ಚಿಕಿತ್ಸೆಗೆ ಇದೇ ಮಾತ್ರೆಯ ಬಳಕೆಗೆ ನಿಷೇಧವಿತ್ತು. 2011ರಲ್ಲಿ ಹೇರಿದ ನಿಷೇಧ ತೆರವಾದದ್ದು 2017ರಲ್ಲಿ. ಮಾತ್ರೆಗಳು ಫಲ ಕೊಡದಿದ್ದಾಗ ಚುಚ್ಚುಮದ್ದು, ಆಮೇಲಷ್ಟೇ ಐವಿಎಫ್.

ಮಾತ್ರೆ ಅಗ್ಗವಾದರೂ ಓಡಾಟ ಅಗ್ಗವಲ್ಲ. ಅಂಡ ಬೆಳೆಯುತ್ತಿದೆಯೇ ಎಂದು ನೋಡಲು ಒಂದೇ ತಿಂಗಳಲ್ಲಿ ಮೂರು ನಾಲ್ಕು ಬಾರಿ ಸ್ಕ್ಯಾನಿಂಗ್‌ಗೆ ಕರೆಯುವುದುಂಟು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿ.ಮೀ. ರೈಲಿಲ್ಲ, ಬಸ್ಸೇ ಗತಿ. ಚೆಂಡುಹೂವು, ಅರಿಶಿನ, ಬಾಳೆ ತೋಟಗಳಲ್ಲಿ ದಿನಗೂಲಿ ಮಾಡುವ ಹೆಣ್ಣುಮಕ್ಕಳಿಗೆ ಒಂದು ಸ್ಕ್ಯಾನಿಂಗ್ ಎಂದರೆ ಒಂದು ದಿನದ ಕೂಲಿ ಖೋತಾ. ಗಂಡನೂ ಜೊತೆಗೆ ಹೋದರೆ ಎರಡು ಕೂಲಿ. ಹೀಗಾಗಿ ಎರಡನೆಯ ತಿಂಗಳಿಗೇ ಚಿಕಿತ್ಸೆ ಕೈಬಿಟ್ಟರೆ ಅದನ್ನು ಅಜ್ಞಾನ ಎನ್ನಲಾಗದು.

ಗಂಡನ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಮಕ್ಕಳಾಗದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆ ಸುಲಭದ್ದು, ಕಡಿಮೆ ಖರ್ಚಿನದು. ಆದರೂ ‘ಬಂಜೆ’ ಎಂಬ ಪದಕ್ಕೆ ಆಡುಮಾತಿನಲ್ಲಿ ಪುಲ್ಲಿಂಗವಿಲ್ಲ.

ಸರ್ಕಾರದ ಲೆಕ್ಕಾಚಾರ ಬೇರೆಯೇ. ‘ಕುಟುಂಬ ಕಲ್ಯಾಣ’ ಎಂದರೆ ದಶಕಗಳಿಂದ ಜನನ ನಿಯಂತ್ರಣವೆಂದೇ ಅರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಒಟ್ಟು ಫಲವಂತಿಕೆ ದರ 1.7ಕ್ಕೆ ಇಳಿದಿದ್ದರೂ ಧೋರಣೆ ಅಷ್ಟಾಗಿ ಬದಲಾಗಿಲ್ಲ. ಕೇಂದ್ರದ ಆಯುಷ್ಮಾನ್ ಭಾರತ್ ವಿಮೆ ಬಂಜೆತನ ಚಿಕಿತ್ಸೆಯನ್ನು ಹೊರಗಿಟ್ಟಿದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಸಹಾಯಿತ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಕೇಂದ್ರಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು, ಮಹಿಳೆಯರಿಗೆ 21ರಿಂದ 50, ಪುರುಷರಿಗೆ 21ರಿಂದ 55 ವರ್ಷದ ಮಿತಿ ವಿಧಿಸಿತು. ಲಕ್ಷ ರೂಪಾಯಿ ದಾಟುವ ಐವಿಎಫ್ ಬಿಲ್ಲನ್ನು ಬಡವರು ಹೇಗೆ ತೆರಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಸೌಲಭ್ಯಗಳೇ ಇಲ್ಲವೆಂದೇನಲ್ಲ. ಜಿಲ್ಲೆಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಯಡಪುರದಲ್ಲಿ ಅದರ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ವಾರಕ್ಕೊಂದು ದಿನ ಪಿಸಿಓಎಸ್‌ಗೆಂದೇ ಹೊರರೋಗಿ ವಿಭಾಗ ಮೀಸಲಿಟ್ಟು, ಅಂಡದ ಸ್ಕ್ಯಾನಿಂಗನ್ನು ಗುಂಡ್ಲುಪೇಟೆ, ಕೊಳ್ಳೇಗಾಲದ ಆಸ್ಪತ್ರೆಗಳಿಗೆ ವಹಿಸಿದರೆ ಮೈಸೂರಿನ ಓಡಾಟ ಬಹುಪಾಲು ತಪ್ಪುತ್ತದೆ. ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳೂ ಇವೆ. ಹದಿನಾರರ ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತರೆ ‘ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂದು ಸುಮ್ಮನಾಗಿಸುವ ಬದಲು ಅಲ್ಲಿಗೆ ಕರೆದೊಯ್ಯಬಹುದು.

ಮಗುವಾದೊಡನೆ ಪಿಸಿಓಎಸ್ ಮುಗಿಯುವುದೂ ಇಲ್ಲ. ಈ ಮಹಿಳೆಯರಿಗೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿದ್ದು, ಒಂದರಿಂದ ಮೂರು ವರ್ಷಕ್ಕೊಮ್ಮೆ ರಕ್ತದ ಸಕ್ಕರೆ ಪರೀಕ್ಷಿಸಬೇಕೆನ್ನುತ್ತದೆ ಮಾರ್ಗಸೂಚಿ. ಸರ್ಕಾರದ ಮನೆಮನೆ ಮಧುಮೇಹ ತಪಾಸಣೆ ಆರಂಭವಾಗುವುದು 30 ವರ್ಷ ತುಂಬಿದವರಿಂದ. ಮದುವೆಯಾಗಿ ಮಗುವಿಗಾಗಿ ಅಲೆಯುತ್ತಿರುವ ಇಪ್ಪತ್ತನಾಲ್ಕರ ಯುವತಿ ಆ ಪಟ್ಟಿಯಲ್ಲೂ ಇರುವುದಿಲ್ಲ.